ಮೆಟ್ಟಿಲ ಮೇಲಿನ ಮಾತು

ನಮ್ಮ ಮನೆಯವರಿಗೆ ಎಲ್ಲವೂ ಬೇಗ ಆಗಬೇಕು. ಕೊಲ್ಲೂರಿನಲ್ಲಿ ಲಾಡ್ಜ್ ಇಟ್ಟುಕೊಂಡವರು ನಿಧಾನ ಮಾಡಿದರೆ ಬಸ್ಸಿನಿಂದ ಇಳಿದವರು ಪಕ್ಕದ ಲಾಡ್ಜಿಗೆ ಹೋಗುತ್ತಾರೆ, ಅದು ನನಗೂ ಗೊತ್ತು. ಆದರೆ ಊಟಕ್ಕೆ ಕೂತಾಗಲೂ ಬೆನ್ನ ಹಿಂದೆ ಯಾರೋ ರೂಮಿಗೆ ಕಾಯುತ್ತಿದ್ದಾರೆ ಅನ್ನುವ ಹಾಗೆ ಯಾಕೆ ಉಣ್ಣಬೇಕು ಎಂದು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. ಉತ್ತರ ಕೊಡಲಿಕ್ಕೂ ಅವರಿಗೆ ಪುರುಸೊತ್ತಿಲ್ಲ.

ಇಂಥ ಭೋಜರಾಜ ಶೆಟ್ಟರ ಕೈಗೆ ಒಳ್ಳೆಯ ಫೋನು ಸಿಕ್ಕಿದ್ದೇ ಸಿಕ್ಕಿದ್ದು, ಮನೆಯೊಳಗೆ ಇನ್ನೊಬ್ಬ ಮ್ಯಾನೇಜರ್ ಬಂದ ಹಾಗಾಯಿತು. ರೂಮು ಇದೆಯಾ ಎಂದು ಕೇಳಿದವರಿಗೆ ಫೋನೇ ಉತ್ತರ ಕೊಡುತ್ತದೆ. ಇವರು ಕೌಂಟರಿನಲ್ಲಿ ಬ್ಯುಸಿ ಇದ್ದರೆ ಬಂದ ಕರೆಯನ್ನು ತಾನೇ ಕಟ್ ಮಾಡಿ, 'ಕೆಲಸದಲ್ಲಿದ್ದೇನೆ, ಆಮೇಲೆ ಕರೆ ಮಾಡುತ್ತೇನೆ' ಎಂದು ಬರೆದು ಕಳಿಸುತ್ತದೆ. ಟ್ಯಾಂಕ್ ತುಂಬಿದರೆ ಪಂಪು ತಾನಾಗಿ ನಿಲ್ಲುತ್ತದೆ. ನಾನು ದೂರುವುದಿಲ್ಲ. ಮೊದಲು ಟ್ಯಾಂಕ್ ನೋಡಲಿಕ್ಕೆ ಮಾಳಿಗೆ ಹತ್ತುತ್ತಿದ್ದವಳು ನಾನು, ಆ ಸುಖ ಏನೆಂದು ನನ್ನ ಮೊಣಕಾಲಿಗೆ ಗೊತ್ತು. ಫೋನಿನಲ್ಲಿ ಜಾಗ ತುಂಬುತ್ತದೆ ಎಂದು ಬಂದ ಮೆಸೇಜುಗಳೆಲ್ಲ ವಾರ ಕಳೆದರೆ ತಾವಾಗಿ ಅಳಿಸಿ ಹೋಗುವ ವ್ಯವಸ್ಥೆಯನ್ನೂ ಮಾಡಿಕೊಂಡರು. ಕಸ ಗುಡಿಸುವುದಕ್ಕಾದರೂ ಒಬ್ಬರು ಸಿಕ್ಕಿದರಲ್ಲ ಎಂದು ನಾನು ತಮಾಷೆ ಮಾಡಿದ್ದೆ.

ಎಲ್ಲಕ್ಕಿಂತ ಅವರಿಗೆ ಇಷ್ಟವಾದದ್ದು ಇನ್ನೊಂದು. ವಾಯ್ಸ್ ಮೆಸೇಜ್ ಬಂದರೆ ಒಂದು ಗುಂಡಿ ಒತ್ತಿ ಅದನ್ನು ಎರಡು ಪಟ್ಟು ವೇಗದಲ್ಲಿ ಕೇಳಬಹುದು. ಇದನ್ನು ಕಂಡುಹಿಡಿದವನಿಗೆ ಕೈ ಮುಗಿಯಬೇಕು ಅನ್ನುತ್ತಿದ್ದರು. ಅದಕ್ಕೆ ಕಾರಣ ಗುಲ್ವಾಡಿಯ ಕುಸುಮಕ್ಕ.

ಕುಸುಮಾವತಿ ಇವರ ಅಕ್ಕ, ನನಗೆ ಅತ್ತಿಗೆ. ಇವರು ಇನ್ನೂ ತೊಟ್ಟಿಲಲ್ಲಿದ್ದಾಗಲೇ ತಾಯಿ ತೀರಿಕೊಂಡಿದ್ದರಂತೆ. ಅತ್ತಿಗೆ ಶಾಲೆ ಬಿಟ್ಟು, ಸೊಂಟದ ಮೇಲೆ ಇವರನ್ನು ಕೂರಿಸಿಕೊಂಡೇ ಗದ್ದೆಗೂ ಹೊಳೆಗೂ ಹೋಗಿ ಸಾಕಿದವರು. ಈಗ ಭಾವ ಇಲ್ಲ. ಕುಂದಾಪುರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಮಗಳು ಸೌಮ್ಯಶ್ರೀ, ಎರಡು ದನ, ಹೊಳೆಬದಿಯ ತೆಂಗಿನ ತೋಟ, ಇಷ್ಟು ಅವರ ಸಂಸಾರ. ತಮ್ಮನೆಂದರೆ ಅವರಿಗೆ ಜೀವ. ದಿನಾ ಫೋನು ಮಾಡುತ್ತಿದ್ದರು. ಕೌಂಟರಿನಲ್ಲಿ ಜನ ನಿಂತಿರುವಾಗ ದನ ಕರು ಹಾಕಿದ ಸುದ್ದಿ ಕೇಳುವುದು ಹೇಗೆ? ಇವರೇ ಅವರಿಗೊಂದು ಫೋನು ತೆಗೆದುಕೊಟ್ಟು, ಗುಂಡಿ ಒತ್ತಿ ಹಿಡಿದು ಮಾತಾಡುವುದನ್ನು ಕಲಿಸಿ ಬಂದರು. 'ಅಕ್ಕ, ಎಷ್ಟ್ ಬೇಕಾರೂ ಮಾತಾಡ್, ನಾ ಪುರ್ಸೊತ್ತಲ್ಲಿ ಕೇಂತೆ' ಅಂದಿದ್ದರು.

ಅತ್ತಿಗೆ ಅದನ್ನು ನಂಬಿದರು. ಅವರ ಮೆಸೇಜ್ ಎಂದರೆ ಉಂಡ್ಯಾ ಎಂದು ಶುರುವಾಗಿ, ಮಳೆ, ಬಾವಿ, ತೆಂಗಿನಕಾಯಿ ಕೀಳುವ ಸುಬ್ಬ ಬಾರದೇ ಇದ್ದದ್ದು, ಪಕ್ಕದ ಮನೆ ಪದ್ದುವಿನ ಸೊಸೆಯ ಬಸಿರು, ಹೀಗೆ ಹೊಳೆಯ ಹಾಗೆ ಹೋಗುತ್ತಿತ್ತು. ಇವರು ಎರಡು ಪಟ್ಟು ಓಡಿಸಿ, ಅದರಲ್ಲೂ ಅರ್ಧ ಕೇಳಿ, 'ಆಯ್ತು ಅಕ್ಕ' ಎಂದು ಹೆಬ್ಬೆರಳಿನ ಚಿತ್ರ ಕಳಿಸಿ ಮುಗಿಸುತ್ತಿದ್ದರು. ನಾನು ಅಡುಗೆಮನೆಯಿಂದ ಕೇಳಿ ನಗುತ್ತಿದ್ದೆ. ಅಷ್ಟು ನಿಧಾನದ ಅತ್ತಿಗೆ, ಈ ಫೋನಿನಲ್ಲಿ ಮಾತ್ರ ಬಸ್ ಕಂಡಕ್ಟರನ ಹಾಗೆ ಮಾತಾಡುತ್ತಿದ್ದರು.

ಅರ್ಧ ಕೇಳುವುದರಲ್ಲಿ ಒಂದು ತಪ್ಪಿತ್ತು. ಅದು ನಮ್ಮ ಕಡೆಯವರಿಗೆಲ್ಲ ಗೊತ್ತಿರಬೇಕಾದ ತಪ್ಪು. ಇಲ್ಲಿ ದೊಡ್ಡ ವಿಷಯವನ್ನು ಯಾರೂ ಬಂದ ಕೂಡಲೇ ಹೇಳುವುದಿಲ್ಲ. ಕೂತು, ಬೆಲ್ಲ ನೀರು ಕುಡಿದು, ಲೋಕದ ಸುದ್ದಿಯೆಲ್ಲ ಮಾತಾಡಿ, ಹೋಗಲಿಕ್ಕೆ ಎದ್ದು, ಮೆಟ್ಟಿಲಿಳಿದು ಚಪ್ಪಲಿಗೆ ಕಾಲು ಹಾಕುವಾಗ ಬಂದ ಕೆಲಸ ಹೊರಗೆ ಬರುತ್ತದೆ. ಅತ್ತಿಗೆಯಂತೂ ಇದರಲ್ಲಿ ಎಲ್ಲರಿಗಿಂತ ಹೆಚ್ಚು. ಬಿಜೂರಿನ ನನ್ನ ತವರಿಗೆ ಅವರು ಮೊದಲು ಬಂದಾಗ ಇಡೀ ಮಧ್ಯಾಹ್ನ ನನ್ನ ಅಬ್ಬಿ, ಅಂದರೆ ಅಮ್ಮನ ಹತ್ತಿರ ಹಪ್ಪಳದ ವಿಷಯ ಮಾತಾಡಿದರು. ಹೊರಟು ಚಪ್ಪಲಿ ಹಾಕಿಕೊಂಡ ಮೇಲೆ ಮೆಟ್ಟಿಲ ಮೇಲೆ ಒಂದು ಕೈ ಊರಿ ನಿಂತು, 'ಅಲ್ದಾ, ನಿಮ್ ವನಜನ್ ನಮ್ ಭೋಜಂಗೆ ಕೊಡ್ತ್ರಿಯಾ?' ಎಂದು ಕೇಳಿದರು. ನನ್ನ ಇಡೀ ಬಾಳು ಆ ಮೆಟ್ಟಿಲ ಮೇಲೆ ತೀರ್ಮಾನವಾಯಿತು.

ಕಳೆದ ಮಳೆಗಾಲದಿಂದ ಅತ್ತಿಗೆಯ ಸ್ವರ ಕಟ್ಟಿತ್ತಂತೆ. ನಮಗೆ ಅದು ತಿಳಿಯಲೇ ಇಲ್ಲ. ಓಡಿಸಿ ಕೇಳಿದರೆ ಉಸಿರು ಎಳೆದುಕೊಳ್ಳುವ ಜಾಗವೆಲ್ಲ ಮುಚ್ಚಿಹೋಗುತ್ತದೆ, ತಡವರಿಸಿದ್ದು ಗೊತ್ತಾಗುವುದಿಲ್ಲ.

ರಜೆಯ ದಿನಗಳು. ರಥಬೀದಿಯಲ್ಲಿ ಕಾಲಿಡಲಿಕ್ಕೆ ಜಾಗ ಇರಲಿಲ್ಲ. ಹತ್ತು ದಿನ ಬಿಟ್ಟು ಶುಕ್ರವಾರ ಅತ್ತಿಗೆಯ ಮೆಸೇಜ್ ಬಂತು. ಇವರು ಒಂದು ಕೈಯಲ್ಲಿ ಬೀಗದ ಕೈ ಕೊಡುತ್ತ ಇನ್ನೊಂದು ಕೈಯಲ್ಲಿ ಫೋನು ಕಿವಿಗೆ ಹಿಡಿದು ಸ್ವಲ್ಪ ಕೇಳಿದರು.

'ಅತ್ತಿಗೆ ಎಂತ ಅಂತ್ರ್?' ಎಂದು ಕೇಳಿದೆ.

'ಎಂತದೂ ಇಲ್ಲೆ. ಕರುವಿಗೆ ಹೊಟ್ಟಿ ಸರಿ ಇಲ್ಲೆ ಅಂಬ್ರ್' ಎಂದವರೇ ಹೆಬ್ಬೆರಳು ಕಳಿಸಿದರು. 'ಆಯ್ತು ಅಕ್ಕ.'

ಸೋಮವಾರ ಸಂಜೆ ಸೌಮ್ಯಶ್ರೀ ನನ್ನ ಫೋನಿಗೆ ಮಾಡಿದಳು. ಅಳುತ್ತಿದ್ದಳು. ಅತ್ತಿಗೆಗೆ ದೊಡ್ಡ ಆಸ್ಪತ್ರೆಯಲ್ಲಿ ಗಂಟಲಿನ ಆಪರೇಷನ್ ಆಗಿತ್ತು. ಒಳಗೆ ಕೆಟ್ಟ ಗಂಟು ಬೆಳೆದಿತ್ತು, ಸ್ವರದ ಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಜೀವಕ್ಕೆ ಏನೂ ಆಗುವುದಿಲ್ಲ, ಆದರೆ ಇನ್ನು ಮಾತಾಡುವುದಿಲ್ಲ. ಮಗಳಿಗೇ ಅದು ಗೊತ್ತಾದದ್ದು ಬೆಳಿಗ್ಗೆ ಸಹಿ ಹಾಕುವಾಗ. ಅತ್ತಿಗೆ ಅವಳಿಗೆ ಸಣ್ಣ ಆಪರೇಷನ್ ಅಂತಲೇ ಹೇಳಿದ್ದರಂತೆ.

ನಾವು ಲಾಡ್ಜನ್ನು ಅಡುಗೆಯ ಚಂದುವಿನ ಮೇಲೆ ಬಿಟ್ಟು ಓಡಿದೆವು. ವಾರ್ಡಿನ ಹೊರಗಿನ ಬೆಂಚಿನಲ್ಲಿ ಸೌಮ್ಯಶ್ರೀ ಕೂತಿದ್ದಳು. ಇವರನ್ನು ನೋಡಿ ಎದ್ದು ನಿಲ್ಲಲಿಲ್ಲ. ಹಿರಿಯರು ಬಂದಾಗ ಕೂತೇ ಇರುವ ಹುಡುಗಿಯಲ್ಲ ಅವಳು.

'ಮಾವ, ನಿನ್ನೆ ಬತ್ತೆ ಅಂದ್ರಿ ಅಲ್ದಾ? ಯಾಕ್ ಬರ್ಲಿಲ್ಲ?'

'ನಾನಾ? ನಾ ಯಾವತ್ತ್ ಹೇಳ್ದೆ?'

'ಆಯ್ತು ಅಂತ ಮೆಸೇಜ್ ಹಾಕಿದ್ರಿ. ಅಮ್ಮ ನಂಗ್ ತೋರ್ಸಿದ್ರ್.' ಆಮೇಲೆ ಅವಳು ನೆಲ ನೋಡಿಕೊಂಡು ಭಾನುವಾರದ ಕಥೆ ಹೇಳಿದಳು. ಅತ್ತಿಗೆ ಬೆಳಿಗ್ಗೆಯೇ ಎದ್ದು ಕಾಣೆ ಮೀನು ತರಿಸಿ ಹುರಿದಿಟ್ಟು, ಒಳ್ಳೆಯ ಸೀರೆ ಉಟ್ಟು, ಚಾವಡಿಯಲ್ಲಿ ಕೂತಿದ್ದರಂತೆ. ಇವಳು ಏನು ಕೇಳಿದರೂ ಬಾಯಿ ಬಿಡದೆ ಕೈಸನ್ನೆಯಲ್ಲೇ ಉತ್ತರ. ಎರಡು ದಿನದಿಂದ ಯಾರ ಹತ್ತಿರವೂ ಮಾತಿಲ್ಲವಂತೆ. ಗೇಟಿನ ಹತ್ತಿರ ಬೈಕಿನ ಸದ್ದಾದರೆ ಎದ್ದು ನಿಲ್ಲುವುದು, ಪುನಃ ಕೂರುವುದು. ಸಂಜೆ ಒಂದು ಸಲ ಇವರ ಫೋನಿಗೆ ಮಾಡಿದರು. ಅದು ಕಟ್ಟಾಗಿ, ಬರೆದದ್ದೊಂದು ಬಂತು. ಸೌಮ್ಯಶ್ರೀ ಓದಿ ಹೇಳಿದಳು: 'ಕೆಲಸದಲ್ಲಿದ್ದೇನೆ, ಆಮೇಲೆ ಕರೆ ಮಾಡುತ್ತೇನೆ.' ಅತ್ತಿಗೆ ಅದನ್ನು ಕೇಳಿ ತಲೆ ಆಡಿಸಿ, ದೀಪ ಹಚ್ಚಿ, ಮತ್ತೆ ಬಂದು ಚಾವಡಿಯಲ್ಲಿ ಕೂತರಂತೆ.

ಇವರು ಫೋನು ತೆಗೆದರು. ಶುಕ್ರವಾರದ ಮೆಸೇಜ್ ಇನ್ನೂ ಅಳಿಸಿ ಹೋಗಿರಲಿಲ್ಲ. ಗುಂಡಿ ಒತ್ತಿದರೆ ಅದು ರೂಢಿಯ ಹಾಗೆ ಓಡಲು ಶುರುಮಾಡಿತು. ನಾನು ಕೈ ಚಾಚಿ ವೇಗ ಇಳಿಸಿದೆ. ಅತ್ತಿಗೆಯ ನಿಜವಾದ ಸ್ವರವನ್ನು ನಾವು ಎಷ್ಟೋ ಕಾಲದ ನಂತರ ಕೇಳಿದೆವು. ಒಡೆದ ಕೊಳಲಿನ ಹಾಗಿತ್ತು. ಒಂದೊಂದು ಮಾತಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಕರುವಿನ ಹೊಟ್ಟೆಯಾಯಿತು, ಬಾವಿಯಾಯಿತು, ಸುಬ್ಬನ ಸುದ್ದಿಯಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮುಗಿಯಿತು ಅನ್ನುವಾಗ ಮತ್ತೆ ಬಂತು.

'ಭೋಜ, ಇನ್ನೊಂದ್ ಮಾತಿತ್ತ್. ನನ್ ಗಂಟ್ಲಗೆ ಗಂಟಿತ್ತ್ ಅಂಬ್ರ್. ಸೋಮವಾರ ತೆಗಿತ್ರ್. ಜೀವಕ್ಕೆ ಹೆದ್ರಿಕಿ ಇಲ್ಲೆ, ಸ್ವರ ಮಾತ್ರ ಉಳುದಿಲ್ಲೆ ಅಂದ್ರ್. ಸೌಮ್ಯಂಗೆ ಹೇಳ್ಲಿಲ್ಲೆ, ಅದ್ ಮರ್ಕ್ತ್, ಕಣ್ಣೀರ್ ಹಾಕ್ತ್. ನೀನ್ ಫೋನ್ ಮಾಡ್ಬೇಡ, ಫೋನಗೆ ನಂಗ್ ಹೇಳುಕಾತಿಲ್ಲೆ. ಆಯ್ತ್ವಾರ ಬಾ. ಒಂದ್ ದಿನ ಕೂಕಂಡ್ ಮಾತಾಡ್ಕ್. ಅಬ್ಬಿ ಸುದ್ದಿ ನಿಂಗ್ ಎಂತ ಗೊತ್ತಿತ್ತ್? ಅಬ್ಬಿ ನಿನ್ನ್ ಎಂತ ಹೇಳಿ ಕರಿತಿತ್ತ್, ಯಾವ್ ಹಾಡ್ ಹೇಳಿ ಮನ್ಗಿಸ್ತಿತ್ತ್, ಎಲ್ಲ ನಂಗೊಬ್ಳಿಗೇ ಗೊತ್ತಿಪ್ಪುದ್. ಹೇಳಿ ಮುಗ್ಸ್ತೆ. ಅಲ್ಲಿವರಿಗೆ ನಾ ಯಾರ್ ಹತ್ರವೂ ಮಾತಾಡುದಿಲ್ಲೆ. ಇದ್ದ್ ಸ್ವರ ನಿಂಗೇ ಇಟ್ಕಂತೆ. ಬತ್ಯಲ್ದಾ?'

ಅದರ ಕೆಳಗೆ ಇವರ ಹೆಬ್ಬೆರಳು ಇತ್ತು.

ನಮ್ಮ ಮನೆಯವರು ಅತ್ತದ್ದನ್ನು ನಾನು ನೋಡಿದ್ದು ಅಂದೇ. ಗೋಡೆಗೆ ಮುಖ ಮಾಡಿ ನಿಂತು ಅತ್ತರು. ಬೈಯಬೇಕೆಂದು ಬಾಯಿತನಕ ಬಂದ ಮಾತನ್ನು ನುಂಗಿಕೊಂಡೆ. ಬೈಯುವುದಕ್ಕೆ ನಾನು ಯಾರು, ಆ ಸ್ವರ ಓಡುವುದನ್ನು ಕೇಳಿ ನಗುತ್ತಿದ್ದವಳು.

ಒಳಗೆ ಹೋದಾಗ ಅತ್ತಿಗೆ ಎಚ್ಚರವಾಗಿದ್ದರು. ಕುತ್ತಿಗೆಗೆ ಬಿಳಿ ಪಟ್ಟಿ. ಇವರು ಕಾಲ ಹತ್ತಿರ ನಿಂತು 'ಅಕ್ಕ' ಅಂದರು. ಅತ್ತಿಗೆ ಕೈ ಎತ್ತಿ, ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದರು. ಉಂಡ್ಯಾ ಎಂದು ಕೇಳಿದ್ದು. ಸಿಟ್ಟು ಮಾಡಿದ್ದರೆ ಇವರಿಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ.

ಹಳೆಯ ಮೆಸೇಜುಗಳಿಗಾಗಿ ಇವರು ಎಷ್ಟು ಹುಡುಕಿದರು! ಕೊಲ್ಲೂರಿನ ಮೊಬೈಲ್ ಅಂಗಡಿಯ ಕೀರ್ತನನ ಹತ್ತಿರ ಫೋನು ಕೊಟ್ಟು, ಏನಾದರೂ ಮಾಡು ಮಾರಾಯ ಎಂದು ಬೇಡಿಕೊಂಡರು. ನೀವೇ ಅಳಿಸಿಹೋಗುವ ಹಾಗೆ ಇಟ್ಟದ್ದಲ್ಲವಾ, ಎರಡು ಫೋನಿನಲ್ಲೂ ಹೋಗಿದೆ ಅಂದ ಅವನು. ಹಬ್ಬದ ಸುದ್ದಿ, ಕರುವಿನ ಸುದ್ದಿ, ಬೈದದ್ದು, ನಕ್ಕದ್ದು, ಎಲ್ಲ ಹೋಯಿತು. ಉಳಿದದ್ದು ಶುಕ್ರವಾರದ್ದೊಂದು. ಸೌಮ್ಯಶ್ರೀ ಅದನ್ನು ಅಳಿಯದ ಹಾಗೆ ತೆಗೆದಿಟ್ಟುಕೊಟ್ಟಳು. ಅಕ್ಕನ ಸ್ವರ ಎಂದು ಈಗ ಇವರ ಹತ್ತಿರ ಇರುವುದು ಅದೊಂದೇ, ಅದನ್ನು ಕೇಳಲಿಕ್ಕೆ ಇವರಿಗೆ ಧೈರ್ಯವಿಲ್ಲ.

ಅತ್ತಿಗೆ ಮನೆಗೆ ಬಂದ ಮೇಲೆ, ಒಂದು ಮಧ್ಯಾಹ್ನ, ಅವರ ಫೋನಿನಿಂದ ವಾಯ್ಸ್ ಮೆಸೇಜ್ ಬಂತು. ಇವರು ಕೌಂಟರಿನಲ್ಲಿದ್ದರು, ಎದುರಿಗೆ ಬ್ಯಾಗು ಹಿಡಿದುಕೊಂಡ ಜನ. ಇವರು ಎದ್ದು ಅಡುಗೆಮನೆಗೆ ಬಂದರು. ವೇಗ ಸರಿಯಾಗಿದೆಯಾ ಎಂದು ನನ್ನ ಹತ್ತಿರ ಕೇಳಿ, ಮಣೆಯ ಮೇಲೆ ಕೂತು, ಗುಂಡಿ ಒತ್ತಿದರು.

ಮಾತಿಲ್ಲ. ಬಾವಿಯ ರಾಟೆಯ ಸದ್ದು. ಕೊಡ ಕೆಳಗಿಟ್ಟದ್ದು. ಕರು ಕೂಗಿತು. ಹೊಳೆಯಲ್ಲಿ ಮರಳಿನ ದೋಣಿಯವರು ಯಾರನ್ನೋ 'ಹ್ವಾಯ್' ಎಂದು ಕರೆದರು. ಅತ್ತಿಗೆ ಗುಂಡಿ ಒತ್ತಿ ಹಿಡಿದುಕೊಂಡು ಮನೆಯಲ್ಲೆಲ್ಲ ತಿರುಗುತ್ತಿದ್ದಾರೆ ಎಂದು ಗೊತ್ತಾಯಿತು. ಕೌಂಟರಿನಲ್ಲಿ ಯಾರೋ ಬೆಲ್ ಬಾರಿಸಿದರು. ಇವರು ಅಲುಗಲಿಲ್ಲ. ಕಾವಲಿಗೆ ಹಿಟ್ಟು ಎರೆದ ಚುಯ್ ಎನ್ನುವ ಸದ್ದು. ಚಾವಡಿಯಲ್ಲಿ ಹೆಜ್ಜೆ. ಆಮೇಲೆ ಬಹಳ ಹೊತ್ತು ಏನೂ ಇರಲಿಲ್ಲ. ಕಟ್ಟಕಡೆಗೆ ನೆಲದ ಮೇಲೆ ಊಟದ ಮಣೆ ಎಳೆದ ಸದ್ದು, ಅದರ ಎದುರು ಸ್ಟೀಲಿನ ಬಟ್ಟಲು ಇಟ್ಟ ಸದ್ದು.

'ಕೇಂಡ್ಯಾ?' ಎಂದರು ಇವರು.

'ಕೇಂಡೆ. ಹ್ವಾಯ್, ಹೊರಡಿ' ಅಂದೆ.

ಅಂದು ಗುಲ್ವಾಡಿಯ ಚಾವಡಿಯಲ್ಲಿ ಮಾತಾಡಿದ್ದೆಲ್ಲ ಇವರೇ. ನೀರುದೋಸೆ ತಿಂದು ಮುಗಿಸಿ ಸಂಜೆಯ ತನಕ ಮಾತಾಡಿದರು. ಲಾಡ್ಜಿನ ಸುದ್ದಿ, ಟ್ಯಾಂಕಿನ ಸುದ್ದಿ, ಬಾಯಿಗೆ ಬಂದದ್ದೆಲ್ಲ. ಅತ್ತಿಗೆ ಗೋಡೆಗೆ ಒರಗಿ ಒಂದು ಮಾತನ್ನೂ ಬಿಡದೆ ಕೇಳಿದರು. ನಡುವೆ ಒಮ್ಮೆ ಇವರು, 'ಅಕ್ಕ, ಅಬ್ಬಿ ನನ್ನ್ ಎಂತ ಹೇಳಿ ಕರಿತಿತ್ತ್?' ಎಂದು ಕೇಳಿದರು. ಅತ್ತಿಗೆಯ ತುಟಿ ಅಲ್ಲಾಡಿತು. ಎರಡಕ್ಷರವೋ ಮೂರಕ್ಷರವೋ. ಇವರು ಮುಂದೆ ಬಾಗಿದರು. ಅತ್ತಿಗೆ ಇನ್ನೊಮ್ಮೆ ಹೇಳಿದರು, ಇವರಿಗೆ ತಿಳಿಯಲಿಲ್ಲ. ಸೌಮ್ಯಶ್ರೀ ಪೆನ್ನು ತಂದುಕೊಟ್ಟಳು. ಅತ್ತಿಗೆ ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಯೋಚಿಸಿ, ನಕ್ಕು, ಕೆಳಗಿಟ್ಟುಬಿಟ್ಟರು. ಅದು ಬರೆಯುವ ಹೆಸರಲ್ಲ, ಕೂಗುವ ಹೆಸರು ಎಂದು ನನಗನಿಸಿತು.

ಹೊರಟೆವು. ನಾನು ಚಪ್ಪಲಿ ಹಾಕಿಕೊಂಡು ಗೇಟಿನ ತನಕ ಹೋಗಿ ತಿರುಗಿ ನೋಡಿದರೆ ಇವರು ಬಂದಿರಲಿಲ್ಲ. ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಇವರು ಕೆಳಗಿನ ಮೆಟ್ಟಿಲ ಮೇಲೆ, ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ನಿಂತಿದ್ದರು. ಕತ್ತಲಾಗುತ್ತಿತ್ತು. ಬೇಗ ಬನ್ನಿ ಎಂದು ನಾನು ಕರೆಯಲಿಲ್ಲ. ಅಕ್ಕ ಇನ್ನೇನೋ ಹೇಳುವುದಿದೆ ಎಂಬ ಹಾಗೆ ಇವರು ಅಲ್ಲೇ ನಿಂತುಕೊಂಡಿದ್ದರು.