ತಲೆಯಾಡಿಸಿದ ತಪ್ಪಿಗೆ

ಬಾಗಿಲು ಬಡಿದದ್ದು, ಬಸ್ಸು ಗುರುಗುಟ್ಟಿದ್ದು, ಯಾರೋ ಮಾತಾಡುತ್ತಿದ್ದಾರೆ ಎಂಬುದು ಎಲ್ಲ ನನಗೆ ಕೇಳಿಸುತ್ತದೆ. ಏನು ಮಾತಾಡುತ್ತಿದ್ದಾರೆ ಎಂಬುದೇ ತಿಳಿಯುವುದಿಲ್ಲ. ಅರವತ್ತೈದು ದಾಟಿದ ಮೇಲೆ ಮಾತುಗಳು ಹೆಚ್ಚು ಬೆಂದ ಅನ್ನದ ಹಾಗೆ ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ.

ಔಷಧಿ ಅಂಗಡಿ ನಡೆಸುವವಳು ಇದನ್ನು ಯಾರಿಗೆ ಹೇಳಿಯಾಳು? ಚೀಟಿಯಿಲ್ಲದೆ ಒಂದು ಮಾತ್ರೆಯನ್ನೂ ಕೊಡುವುದಿಲ್ಲ ಎಂದು ನಿಯಮ ಮಾಡಿದೆ. ಕೆಮ್ಮಿನ ಸಿರಪ್ಪಿಗೂ ಬರೆದೇ ತರಬೇಕು. "ಅಮ್ಮ ಬಲು ಕಟ್ಟುನಿಟ್ಟು" ಎಂದು ಜನ ಹೊಗಳಿದರು. ಐದು ವರ್ಷದಲ್ಲಿ ಒಂದು ಮಾತ್ರೆಯೂ ತಪ್ಪಿಲ್ಲ. ಮಿಕ್ಕ ಮಾತಿಗೆಲ್ಲ ನಗುವುದು, ಕೋಲೆ ಬಸವನಂತೆ ತಲೆಯಾಡಿಸುವುದು. ಹತ್ತಕ್ಕೆ ಒಂಬತ್ತು ಸಲ ಅಷ್ಟು ಸಾಕು. ಜನಕ್ಕೆ ಹೇಳುವುದು ಬೇಕು, ಉತ್ತರ ಬೇಕಿಲ್ಲ.

ತಮ್ಮನ ಮಗನನ್ನು ಓದಿಸಿದವಳು ನಾನೇ. ಎರಡು ವರ್ಷದಿಂದ ಅಂಗಡಿಯಲ್ಲಿ ಜೊತೆಗಿದ್ದ. ನನಗೆ ಎಪ್ಪತ್ತು ತುಂಬಿತೆಂದು ಭಾನುವಾರ ಮನೆಯವರನ್ನೆಲ್ಲ ಹೋಟೆಲಿಗೆ ಕರೆದೊಯ್ದ. ಸ್ಪೀಕರಿನ ಕೆಳಗೇ ಟೇಬಲ್ಲು, ಸುತ್ತ ತಟ್ಟೆಗಳ ಸದ್ದು, ಮಕ್ಕಳ ಗಲಾಟೆ. ಊಟದ ನಡುವೆ ಎದ್ದು ನಿಂತು ಏನೋ ಹೇಳಿದ. ಎಲ್ಲರೂ ನನ್ನತ್ತ ತಿರುಗಿದರು. ನಕ್ಕೆ, ತಲೆಯಾಡಿಸಿದೆ. ಚಪ್ಪಾಳೆ ಬಿತ್ತು. ತಮ್ಮನ ಹೆಂಡತಿ ಕಣ್ಣೊರೆಸಿಕೊಂಡಳು. ಪೆದ್ದಿಯ ಹಾಗೆ ನಾನೂ ಚಪ್ಪಾಳೆ ತಟ್ಟಿದೆ.

ಸೋಮವಾರ ಅಂಗಡಿಗೆ ಹೋದರೆ ನನ್ನ ಕುರ್ಚಿಯಲ್ಲಿ ಅವನು. ನನ್ನ ಸ್ವೆಟರು, ಕನ್ನಡಕದ ಡಬ್ಬಿ, ಮೊಣಕಾಲಿನ ಎಣ್ಣೆ ಒಂದು ಚೀಲದಲ್ಲಿ. ಎದುರಿಗೆ ಮೂವರು ಗಿರಾಕಿಗಳು.

"ಏನೋ ಇದು?"

"ಇವತ್ತಿಂದ ನಿಮಗೆ ರೆಸ್ಟು, ಅತ್ತೆ. ಅಂಗಡಿ ನನ್ನದು. ನಿನ್ನೆ ಎಲ್ಲರ ಮುಂದೆ ನೀವೇ ಒಪ್ಕೊಂಡ್ರಲ್ಲ?"

ಒಂದೊಂದು ಅಕ್ಷರವೂ ತಿಳಿಯಿತು. ಮುಖಕ್ಕೆ ಮುಖ ಕೊಟ್ಟು, ತುಟಿ ಬಿಡಿಸಿ, ನಿಧಾನವಾಗಿ ಹೇಳಿದ್ದ. ನನ್ನ ಜೊತೆ ಹೀಗೆ ಮಾತಾಡಬೇಕೆಂದು ಅವನಿಗೆ ಗೊತ್ತಿತ್ತು. ಸ್ಪೀಕರಿನ ಕೆಳಗಿನ ಟೇಬಲ್ಲೂ ಗೊತ್ತಿದ್ದೇ ಆರಿಸಿದ್ದು.

ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನಿನ್ನೆ ಏನೂ ಕೇಳಿಸಲಿಲ್ಲ ಎಂದರೆ, ಕೇಳಿಸದವಳು ಇಷ್ಟು ವರ್ಷ ನಮಗೆ ಔಷಧಿ ಕೊಟ್ಟಳೇ ಎಂದು ಗಿರಾಕಿಗಳೇ ತಿರುಗಿ ಬೀಳುತ್ತಾರೆ. ಕೇಳಿಸಿತು ಎಂದರೆ ಒಪ್ಪಿದಂತೆ. ಎರಡರಲ್ಲೂ ಅಂಗಡಿ ಹೋಗುತ್ತದೆ.

"ಕೇಳಿಸಿತ್ತು ತಾನೇ ಅತ್ತೆ?"

ಕಪಾಳಕ್ಕೆ ಬಾರಿಸಬೇಕೆನಿಸಿತು. ಮರ್ಯಾದೆಯಾದರೂ ಉಳಿಯಲಿ ಎಂದುಕೊಂಡೆ.

"ಕೇಳಿಸದೆ ಏನು?" ಎಂದು ಬೀಗದ ಕೈ ಮೇಜಿನ ಮೇಲಿಟ್ಟು ಬಂದೆ.

ಅಮ್ಮನದು ದೊಡ್ಡ ಮನಸ್ಸು ಎಂದು ಗಿರಾಕಿಗಳು ಕೊಂಡಾಡಿದರಂತೆ. ಸಂಜೆ ತಮ್ಮ ಬಂದು ತಿಳಿಸಿದ. ಯಾವತ್ತೂ ನನ್ನೆದುರು ದನಿ ಎತ್ತದವನು, ನನ್ನ ಕಿವಿಯ ಹತ್ತಿರ ಬಾಯಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದ.