ಹತ್ತು ಸೆಕೆಂಡು ತಡ

ಟಣ್ ಅಂತು, ಸಚಿನನ ಕೈಯ ಸ್ಟೀಲ್ ಕಡಗ, ಬಂದೇಬಿಟ್ಟನೇ, ಇಲ್ಲ, ಬಾಗಿಲ ಬಳಿಯೇ ನಿಂತಿದ್ದಾನೆ, ನಿಲ್ಲಲಿ, ಇವತ್ತು ಆ ಕಡಗ ನನ್ನ ಮೇಜು ಮುಟ್ಟಕೂಡದು, ಗುಂಡಿ ಒತ್ತಿದ್ದಾಯಿತು, ಪಾಸ್‌ವರ್ಡ್ ಹೊಡೆದದ್ದಾಯಿತು, ಇನ್ನು ಹತ್ತು ಸೆಕೆಂಡು — ಒಂದು — ಪರೇಲ್‌ನ ಈ ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಕೂತವಳು ನಾನು, ಶಿವಕುಮಾರಿ, ಹುಟ್ಟಿದಾಗಿನಿಂದ ಕಣ್ಣಿಲ್ಲ, ನಾಲಿಗೆ ಮಾತ್ರ ಇಬ್ಬರಿಗಾಗುವಷ್ಟಿದೆ, ಆದರೆ ಈ ಲಿನಕ್ಸ್ ಕಂಪ್ಯೂಟರ್ ಬಂದ ಮೇಲೆ ಬೆಳಗಾದರೆ ಅದೇ ಗೋಳು, ಪರದೆ ಓದಿ ಹೇಳುವ ದನಿಯನ್ನು ಬೇರೆ ಯಾರಾದರೂ ಎಬ್ಬಿಸಿಕೊಡಬೇಕು, ದೀದಿ, ಚಾಲೂ ಮಾಡ್ಲಿ ಕಾ, ಅನ್ನುತ್ತ ಪಕ್ಕದ ಕೌಂಟರಿನ ಸಚಿನ ಭುಜದ ಮೇಲಿಂದ ಕೈ ಚಾಚುತ್ತಾನೆ, ಕಡಗ ಕೀಬೋರ್ಡಿಗೆ ತಾಗಿ ಟಣ್, ಒಳ್ಳೆಯವನೇ ಪಾಪ, ಆದರೂ ಆ ಸದ್ದು ಕೇಳಿದರೆ ಮೈಯೆಲ್ಲ ಉರಿ — ಮೂರು — ಹಿಂದೆ ಮಲ್ಲಿಗೆ ವಾಸನೆ, ಲಾವಣ್ಯಾ ಮೇಡಂ, ನಮ್ಮ ಸೂಪರ್‌ವೈಸರ್, ಉಡುಪಿ ಕಡೆಯವರು, ನಿನ್ನೆ ಅಂದಿದ್ದರು, ದಿನಾ ಯಾರಾದ್ರೂ ಬಂದು ಶುರು ಮಾಡಿ ಕೊಡ್ಬೇಕಾದ್ರೆ ನಿಮ್ಮನ್ನು ಒಬ್ರೇ ಬಿಡೂದು ಹೇಗೆ ಮಾರಾಯ್ರೆ, ನಾಳೆ ಒಂದು ಸಲ ನೋಡ್ತೇನೆ, ಆಗದಿದ್ರೆ ಈ ಖುರ್ಚಿಗೆ ಬೇರೆಯವರು, ನೀವು ಬೆಡ್‌ಶೀಟ್ ಮಡಚುವಲ್ಲಿಗೆ — ಬೆಡ್‌ಶೀಟಂತೆ! ಇಡೀ ಆಸ್ಪತ್ರೆಯ ನಂಬರು ಬಾಯಲ್ಲಿಟ್ಟುಕೊಂಡವಳು ನಾನು — ನಾಲ್ಕು — ಮಲಾಡಿನಿಂದ ತಂಗಿಯ ಮಗಳು ಸಪ್ನಾ ಫೋನಿನಲ್ಲೇ ಹೇಳಿಕೊಟ್ಟಳು, ದೊಡ್ಡವ್ವ, ಸ್ಟಾರ್ಟಪ್ ಅಂತ ಲಿಸ್ಟ್ ಇರ್ತದ, ಅದ್ರಾಗ ಆ ದನಿ ಹೆಸರ ಸೇರಿಸಿದ್ರ ಮಶೀನ್ ಎದ್ದ ಕೂಡ್ಲೇ ಅದು ಭೀ ಏಳ್ತದ, ಸೇರಿಸಿದೆ, ನಿನ್ನೆ ಬೆಳಿಗ್ಗೆ ಎಲ್ಲರೆದುರು ಗುಂಡಿ ಒತ್ತಿದೆ, ಉಸಿರಿಲ್ಲ ಮಾತಿಲ್ಲ, ಮಾನ ಹೋಯಿತು, ಮತ್ತೆ ಅದೇ ಟಣ್, ಆದರೆ ಕಿವಿ ಇದೆಯಲ್ಲ ನನಗೆ, ಮಶೀನಿನ ಡಿಂಗ್ ಸದ್ದೇ ತಡವಾಗಿ ಬಂದದ್ದು ಕೇಳಿಸಿತ್ತು, ಅಂದರೆ ಸ್ಪೀಕರ್ ಏಳುವ ಮುಂಚೆಯೇ ನನ್ನ ದನಿ ಎದ್ದು ತಡಬಡಿಸಿ ಸುಮ್ಮನಾಗಿತ್ತು, ಅದೇ ಲಿಸ್ಟಿನಲ್ಲಿ ಎಷ್ಟು ತಡ ಎಂದು ಕೇಳುವ ಖಾನೆಯೊಂದಿತ್ತು, ಸೊನ್ನೆ ಇತ್ತು, ಸಂಜೆ ಹೋಗುವ ಮುಂಚೆ ಹತ್ತು ಹಾಕಿದೆ, ಸಪ್ನಾಗೂ ಹೇಳಲಿಲ್ಲ — ಆರು — ಡಿಂಗ್! ಹಾಂ, ಸ್ಪೀಕರ್ ಎದ್ದಿತು, ಮೆನುವನ್ನೂ ಬಿಡಲಿಲ್ಲ ನಾನು, ಆಟ, ಚಿತ್ರ, ಹಾಳುಮೂಳು ಸೇರಿ ಅರವತ್ತು ಹೆಸರು ತುಂಬಿತ್ತು, ಬಾಣದ ಕೀ ಒತ್ತಿ ಒತ್ತಿ ಬೆರಳು ಸವೆಯುತ್ತಿತ್ತು, ಎಲ್ಲ ಮುಚ್ಚಿಟ್ಟು ಎರಡೇ ಉಳಿಸಿದೆ, ವಾರ್ಡ್ ಪಟ್ಟಿ, ಡಾಕ್ಟರ್ ಪಟ್ಟಿ — ಎಂಟು — ಫ್ಯಾನ್ ಸದ್ದು — ಒಂಬತ್ತು — ಏ ತಾಯಿ, ಬಾಯಿ ಬಿಡೇ — ಹತ್ತು.

ಇಲ್ಲ. ಇಲ್ಲವಲ್ಲ, ಹನ್ನೊಂದಾಯಿತೇ, ಹೆದರಿ ಬೇಗ ಎಣಿಸಿಬಿಟ್ಟೆನೇ, ಚಪ್ಪಲಿ ಸದ್ದು, ಬರಬೇಡವೋ ಸಚಿನ, ಟಣ್, ಅಲ್ಲೇ ನಿಲ್ಲು — ಪರದೆ ಓದುಗ ಸಿದ್ಧ — ಬಂತು! ನೆಗಡಿಯಾದವರ ಕನ್ನಡದಲ್ಲಿ, ಸೊಟ್ಟ ಸೊಟ್ಟವಾಗಿ, ಯಾರ ಕೈಯೂ ಸೋಕದೆ ತಾನಾಗಿ ಬಂತು, ಮೆನು ಕೀ ಒತ್ತಿದೆ, ವಾರ್ಡ್ ಪಟ್ಟಿ ಎಂದಿತು, ಅಷ್ಟರಲ್ಲೇ ಫೋನೂ ಹೊಡೆದುಕೊಂಡಿತು, ನಮಸ್ಕಾರ್, ಬೋಲಿಯೇ, ಮಕ್ಕಳ ವಾರ್ಡೇ, ಎರಡು ನಾಲ್ಕು ಏಳು, ಜೋಡಿಸುತ್ತೇನೆ, ಹಿಂದಿನಿಂದ ಲಾವಣ್ಯಾ ಮೇಡಂ, ಅಬ್ಬಾ ಮಾರಾಯ್ರೆ, ಖುರ್ಚಿ ನಿಮ್ದೇ ಆಯ್ತು, ನಿನ್ನದಲ್ಲದೆ ಮತ್ತೆ ಯಾರದೇ ಶಿವಕುಮಾರಿ, ಗೆದ್ದೆ ಕಣೇ, ಎಂದು ನನಗೆ ನಾನೇ ಹೇಳಿಕೊಂಡೆ, ನಗು ತಡೆಯಲಾಗುತ್ತಿಲ್ಲ, ಕೋಣೆಯಲ್ಲಿ ಯಾರೋ ಚಪ್ಪಾಳೆ ಹೊಡೆಯುತ್ತಿದ್ದಾರೆ, ಒಂದೊಂದು ಚಪ್ಪಾಳೆಗೂ ಸ್ಟೀಲಿನ ಸದ್ದು, ಟಣ್, ಟಣ್, ಅಲ್ಲಿ, ದೂರದಲ್ಲಿ, ಬಾಗಿಲ ಬಳಿ.