ದೋಣಿಯೊಳಗಿನ ಕಕ್ಕಸು

“ಈ ಪಂಪಿನದೇ ಇರ್ಲಿ,” ಎಂದ ಸುಕುಮಾರನ್, ತನ್ನ ಹೊಸ ಪ್ರವಾಸಿ ದೋಣಿಯ ಕಕ್ಕಸಿನ ಬಾಗಿಲಲ್ಲಿ ನಿಂತು. “ಹೊಳೆ ನೀರೇ ಎಳೀತದೆ, ಹೊಳೆಗೇ ಬಿಡ್ತದೆ. ಟ್ಯಾಂಕಿ ಕೂರ್ಸಿದ್ರೆ ಎರಡು ಸೀಟು ಹೋಯ್ತದೆ.”

ಕಕ್ಕಸಿನ ಸಾಮಾನು ಜೀಪಿನಲ್ಲಿ ತಂದಿದ್ದ ಅಂಗಡಿಯವನು ತಲೆಯಾಡಿಸಿದ. ಟ್ಯಾಂಕಿ ಜೀಪಿನಲ್ಲೇ ಉಳಿಯಿತು.

ಪೆರಿಕಲ್ಲೂರಿನ ದೋಣಿ ಕಡವಿನಲ್ಲಿ ನಿಂತು ಆದಿವಾಸಿ ಹಾಡಿಯ ಕೆಂಪಿ ಇದನ್ನೆಲ್ಲ ನೋಡುತ್ತಿದ್ದಳು. ಪ್ರವಾಸಿಗರು ದೋಣಿಯಲ್ಲಿ ಕೂತು ಬಿಟ್ಟಿದ್ದೆಲ್ಲ ಕೆಳಗಿನ ಹಾಡಿಗೇ ಹರಿದುಬರುತ್ತದೆ. ಹಾಡಿಯವರು ಕುಡಿಯುವುದು ಆ ನೀರನ್ನೇ. ಹಿಂದಾದರೆ ಎಲ್ಲರನ್ನೂ ಕರೆತಂದು ಕಡವಿನಲ್ಲೇ ಧರಣಿ ಕೂರುತ್ತಿದ್ದಳು. ಭೂಮಿಗಾಗಿ ಕಾಡಿನಲ್ಲಿ ಗುಡಿಸಲು ಹಾಕಿ ಜೈಲು ಕಂಡು ಬಂದ ಮೇಲೆ, ಹಾಡಿಯ ನಾಲ್ಕು ಜನ ಒಟ್ಟಿಗೆ ನಿಂತರೂ ನಕ್ಸಲರೆಂದು ಪೊಲೀಸರು ಬರುತ್ತಿದ್ದರು.

“ಏನು ಕೆಂಪಿ, ಇವತ್ತು ಸಮರ ಇಲ್ವಾ?” ಸುಕುಮಾರನ್ ಕೆಣಕಿದ.

“ಇಲ್ಲ ಚೆಟ್ಟಿಯಾರೆ. ಪಾಯಸ ಕುಡಿಯಾಕೆ ಬಂದೆ.”

ಹೊಸ ದೋಣಿ ನೀರಿಗಿಳಿದ ದಿನ ಹೊಳೆಯ ನೀರಿನಲ್ಲೇ ಪಾಯಸ ಬೇಯಿಸಬೇಕು, ಮೊದಲ ಲೋಟ ದೋಣಿಯ ಯಜಮಾನನೇ ಕುಡಿಯಬೇಕು. ನೀರು ತಂದುಕೊಡುವುದು ಹಾಡಿಯ ಹೆಂಗಸರು. ಆ ಕಡವಿನ ರೂಢಿ ಅದು. ದಡದಲ್ಲಿ ಸುಕುಮಾರನ ಹೆಂಡತಿ ಯಶೋದ ಆಗಲೇ ಒಲೆ ಹಚ್ಚಿದ್ದಳು.

“ಪಂಪು ಸರಿಯಾಗಿ ತಳ್ತದಾ, ನೋಡಿದ್ರಾ?” ಕೆಂಪಿ ಸೆರಗಿನ ಗಂಟು ಬಿಚ್ಚಿ, ಬೊಗಸೆ ತುಂಬ ಕಡ್ಲೆಪುರಿ ಕೊಟ್ಟಳು. “ಇದನ್ನ ಹಾಕಿ ನೋಡಿ.”

ಅಂಗಡಿಯವನು ಹುಮ್ಮಸ್ಸಿನಿಂದ ಕಕ್ಕಸಿಗೆ ಪುರಿ ಸುರಿದು ಪಂಪು ಒತ್ತಿದ. ಗುಡುಗುಡು ಸದ್ದಾಗಿ ಎಲ್ಲ ಮಾಯವಾಯಿತು.

“ನೋಡ್ದೇನೆ? ಒಂದು ಕಾಳೂ ಉಳೀಲಿಲ್ಲ,” ಎಂದ ಸುಕುಮಾರನ್.

ಕೆಂಪಿ ಬಿಂದಿಗೆ ಎತ್ತಿಕೊಂಡು ಹಾಡಿಯವರು ನೀರು ಮೊಗೆಯುವ ಕಲ್ಲಿನ ಕಡೆ ಇಳಿದಳು. ತುಸು ಹೊತ್ತಿಗೆ ಮರಳಿ ಯಶೋದಳ ಮುಂದೆ ಬಿಂದಿಗೆ ಇಳಿಸಿದಳು. ನೀರಿನ ಮೇಲೆ ಪುರಿ ಬೆಳ್ಳಗೆ ತೇಲುತ್ತಿತ್ತು.

ಯಶೋದ ಬಿಂದಿಗೆ ನೋಡಿದಳು, ಗಂಡನನ್ನು ನೋಡಿದಳು. “ಇದ್ರಲ್ಲೇ ಬೇಯಿಸ್ಲಾ? ಮೊದಲ ಲೋಟ ನಿಮ್ಮದು.”

ಸುತ್ತ ನಿಂತವರು ಕಿಸಕ್ಕನೆ ನಕ್ಕರು. ಸುಕುಮಾರನ ಮುಖ ಕೆಂಪಾಯಿತು. “ಪುರಿ ತಾನೆ?”

“ಇವತ್ತು ಪುರಿ,” ಎಂದಳು ಕೆಂಪಿ.

ಯಶೋದ ಒಲೆಯಿಂದ ಸೌದೆ ಹಿಂದಕ್ಕೆಳೆದಳು. ಸುಕುಮಾರನ್ ಬಿಂದಿಗೆಯೊಳಗೆ ಇನ್ನೊಮ್ಮೆ ಇಣುಕಿ, ಅಂಗಡಿಯವನ ಕಡೆ ತಿರುಗಿದ. “ಪಂಪು ಬಿಚ್ಚು. ಟ್ಯಾಂಕಿ ಇಳಿಸು.”

“ಟ್ಯಾಂಕಿ ತುಂಬಿದ್ರೆ ಸುರಿಯೋದೆಲ್ಲಿ?” ಕೆಂಪಿ ಬಿಡಲಿಲ್ಲ.

“ಗುಂಡಿ ತೋಡ್ತೀನಿ, ತಾಯಿ.” ಅವನು ಗುದ್ದಲಿ ತಂದು ಹೊಳೆಯಂಚಿನಲ್ಲೇ ಊರಿದ.

“ಇನ್ನೂ ಮೇಲೆ.” ಕೆಂಪಿ ದಿಬ್ಬದ ಕಡೆ ಕೈ ಚಾಚಿದಳು.

ನಾಲ್ಕು ಹೆಜ್ಜೆ ಹತ್ತಿ ತಿರುಗಿ ನೋಡಿದ.

“ಇನ್ನೂ.”

ಸುಕುಮಾರನ್ ಮುಂಡು ಎತ್ತಿ ಕಟ್ಟಿ, ಗುದ್ದಲಿ ಹೆಗಲಿಗೇರಿಸಿ ದಿಬ್ಬ ಹತ್ತತೊಡಗಿದ. ಕೆಂಪಿ ನೀರಿಗೆ ಕಾಲು ಇಳಿಬಿಟ್ಟು ಕೂತಳು. ಚಾಚಿದ ಕೈಯನ್ನು ಮಾತ್ರ ಕೆಳಗಿಳಿಸಲಿಲ್ಲ.